ಮಾಗಿಯ ಹಿಟ್ಟಿಗೊಂದು ಬೆಚ್ಚನೆಯ ಪೆಟ್ಟಿಗೆ

ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಮುಗಿದು ಬೆಂಗಳೂರಿನ ಬಸವನಗುಡಿಯ ರಸ್ತೆಗಳಿಂದ ಸಿಪ್ಪೆ ಗುಡಿಸಿ ಹಾಕುವ ಹೊತ್ತಿಗೆ ಊರಿನ ಅಡುಗೆಮನೆಗಳಲ್ಲಿ ಒಂದು ದೂರು ಶುರುವಾಗುತ್ತದೆ: ಹಿಟ್ಟು ಹುಳಿ ಬರುತ್ತಿಲ್ಲ. ಸಂಕ್ರಾಂತಿ ಕಳೆಯುವವರೆಗೂ ಈ ದೂರು ಹಾಗೇ ಇರುತ್ತದೆ. ರಾತ್ರಿ ಎಂಟಕ್ಕೆ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಆರಕ್ಕೆ ನೋಡಿದರೆ ಇಟ್ಟಲ್ಲೇ ಇದೆ. ಉದ್ದು ಹಳೆಯದಿರಬೇಕು, ಅಕ್ಕಿ ಸರಿಯಿಲ್ಲ, ಮಿಕ್ಸಿಯಲ್ಲಿ ರುಬ್ಬಿದ್ದು ತಪ್ಪು, ಕೈಯಲ್ಲಿ ಕಲಸಲಿಲ್ಲ ಎಂದು ಒಂದೊಂದಾಗಿ ಎಲ್ಲದರ ಮೇಲೂ ಅನುಮಾನ ಬರುತ್ತದೆ. ಅನುಮಾನ ಬಾರದೆ ಉಳಿಯುವುದು ಅಡುಗೆ ಪುಸ್ತಕದ ಆ ಒಂದು ಸಾಲು ಮಾತ್ರ: ‘ಎಂಟು ಗಂಟೆ ಹುದುಗಲು ಬಿಡಿ’. ನಿಜವಾದ ತಪ್ಪು ಇರುವುದು ಅಲ್ಲಿಯೇ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಜನವರಿಯ ರಾತ್ರಿ ಸರಾಸರಿ 15–16 ಡಿಗ್ರಿಗೆ ಇಳಿಯುತ್ತದೆ. ಏಪ್ರಿಲ್‌ನ ಸೆಕೆಯಲ್ಲಿ ಅಡುಗೆಮನೆ ರಾತ್ರಿಯಿಡೀ 27–28ರಲ್ಲೇ ನಿಂತಿರುವುದುಂಟು. ಒಂದೇ ಎಂಟು ಗಂಟೆ ಈ ಎರಡು ಕಾಲಗಳಲ್ಲಿ ಒಂದೇ ಕೆಲಸ ಮಾಡುವುದು ಸಾಧ್ಯವಿಲ್ಲ. ಹಿಟ್ಟಿನ ವಿಷಯದಲ್ಲಿ ನಾವು ಹಿಡಿದಿಡಬೇಕಾದದ್ದು ಗಡಿಯಾರವನ್ನಲ್ಲ, ಉಷ್ಣತೆಯನ್ನು. ಅದನ್ನು ಹಿಡಿದಿಡುವ ಪೆಟ್ಟಿಗೆಯೊಂದನ್ನು ಸಾವಿರ–ಸಾವಿರದೈನೂರು ರೂಪಾಯಿ ಆಸುಪಾಸಿನಲ್ಲಿ, ಒಂದು ಭಾನುವಾರದ ಮಧ್ಯಾಹ್ನದಲ್ಲಿ, ಮನೆಯಲ್ಲೇ ಮಾಡಿಕೊಳ್ಳಬಹುದು.

ಉಷ್ಣತೆಗೆ ಇಷ್ಟು ಮಹತ್ವ ಯಾಕೆ ಎನ್ನುವುದಕ್ಕೆ ಹಿಟ್ಟಿನೊಳಗೆ ನಡೆಯುವುದೇನೆಂದು ತಿಳಿಯಬೇಕು. ಇಡ್ಲಿ ಹಿಟ್ಟಿಗೆ ನಾವು ಹೆಪ್ಪು ಹಾಕುವುದಿಲ್ಲ. ಬೇಕಾದ ಬ್ಯಾಕ್ಟೀರಿಯಾಗಳು ಮುಖ್ಯವಾಗಿ ಉದ್ದಿನಬೇಳೆಯ ಜೊತೆಗೇ ಬರುತ್ತವೆ. ಮುಖರ್ಜಿ, ಸ್ಟೀನ್‌ಕ್ರಾಸ್ ಮತ್ತಿತರರು 1965ರಲ್ಲಿ ಪ್ರಕಟಿಸಿದ ಅಧ್ಯಯನ ಇದರಲ್ಲಿ ಯಾರ ಪಾತ್ರ ಏನು ಎಂದು ಬಿಡಿಸಿ ತೋರಿಸಿತು. (ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಶುರುವಾದದ್ದೂ ಅದೇ ವರ್ಷ; ಇಡ್ಲಿಯ ಮಟ್ಟಿಗೆ ಒಳ್ಳೆಯ ವರ್ಷವೇ ಇರಬೇಕು.) ಮೊದಲು ಮೇಲುಗೈ ಪಡೆಯುವುದು ಲ್ಯೂಕೊನೊಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯಾ. ಅದು ಆಮ್ಲವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಹಿಟ್ಟು ಉಬ್ಬುವುದು ಮುಖ್ಯವಾಗಿ ಈ ಅನಿಲದಿಂದ. ಆಮೇಲೆ ಹುಳಿಯನ್ನು ಮುಂದುವರಿಸುವ ಬೇರೆ ಬ್ಯಾಕ್ಟೀರಿಯಾಗಳು ಸೇರಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಹುಳಿಯನ್ನಷ್ಟೇ ಕೊಡುತ್ತವೆ, ಅನಿಲ ಕೊಡುವುದಿಲ್ಲ. ಹುಟ್ಟಿದ ಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುವುದು ಉದ್ದಿನ ಲೋಳೆ ಮತ್ತು ಅದರ ಪ್ರೋಟೀನು. ಹಾಗಾಗಿ ಉದ್ದು ಚೆನ್ನಾಗಿ ಅರೆದು ನುರಿಯದಿದ್ದರೆ ಯಾವ ಪೆಟ್ಟಿಗೆಯೂ ಹಿಟ್ಟನ್ನು ಮೇಲೆತ್ತಲಾರದು. ಆ ಮಿತಿಯನ್ನು ಮೊದಲೇ ಒಪ್ಪಿಕೊಂಡಿರುವುದು ಒಳ್ಳೆಯದು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಚಳಿಯಲ್ಲಿ ಹಿಟ್ಟು ಏಳುವುದಿಲ್ಲ, ಹಾಗಾದರೆ ಬಿಸಿ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಳ್ಳುವವರು ಬಹಳ ಮಂದಿ. ಅದು ಅರ್ಧ ಸತ್ಯ. ಲ್ಯೂಕೊನೊಸ್ಟಾಕ್‌ಗೆ ಹಿತವಾದದ್ದು 20ರಿಂದ 30 ಡಿಗ್ರಿಯ ನಡುವಿನ ವಾತಾವರಣ, ಅದರಲ್ಲೂ ಮೇಲಿನ ಅಂಚು. 35 ದಾಟಿತೆಂದರೆ ಅದರ ಓಟ ನಿಧಾನವಾಗಿ, ಬಿಸಿಯನ್ನು ಇಷ್ಟಪಡುವ, ಬರೀ ಹುಳಿ ಕೊಡುವ ಜಾತಿಗಳು ಮುಂದೆ ಹೋಗುತ್ತವೆ. ಫಲವಾಗಿ ಸಿಗುವುದು ಮೂಗಿಗೆ ಹುಳಿ ಹೊಡೆಯುವ, ಆದರೆ ಚಪ್ಪಟೆಯಾಗಿಯೇ ಉಳಿದ ಹಿಟ್ಟು. ಬಿಸಿನೀರಿನ ಪಾತ್ರೆಯಲ್ಲಿ ಹಿಟ್ಟಿನ ಡಬ್ಬಿ ಮುಳುಗಿಸಿಟ್ಟು, ‘ಹುಳಿಯೇನೋ ಬಂತು, ಇಡ್ಲಿ ಮಾತ್ರ ಕಲ್ಲು’ ಎನ್ನುವ ಮನೆಗಳಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ. ಉಷ್ಣತೆ ಹುದುಗುವ ವೇಗವನ್ನಷ್ಟೇ ಬದಲಿಸುವುದಿಲ್ಲ, ಹುದುಗುವವರು ಯಾರು ಎನ್ನುವುದನ್ನೂ ನಿರ್ಧರಿಸುತ್ತದೆ. ಬೆಚ್ಚಗೆ ಮಾಡುವುದಷ್ಟೇ ಸಾಲದು, ಒಂದು ಮಟ್ಟದಲ್ಲಿ ನಿಲ್ಲಿಸಬೇಕು ಎನ್ನುವುದು ಈ ಕಾರಣಕ್ಕೆ. ನನ್ನ ಲೆಕ್ಕದಲ್ಲಿ ಇಡ್ಲಿಗೂ ದೋಸೆಗೂ 29 ಡಿಗ್ರಿ ಒಳ್ಳೆಯ ಗುರಿ. ದೋಸೆಗೆ ಇನ್ನಷ್ಟು ಹುಳಿ ಬೇಕೆನ್ನುವವರು ಡಿಗ್ರಿಯನ್ನು ಏರಿಸದೆ ಹೊತ್ತನ್ನು ಹೆಚ್ಚಿಸಲಿ.

‘ನಮ್ಮಜ್ಜಿಗೆ ಯಾವ ಪೆಟ್ಟಿಗೆ ಇತ್ತು?’ ಎನ್ನುವುದು ಮೊದಲ ಆಕ್ಷೇಪ, ಮತ್ತು ಅದು ಹಗುರವಾದದ್ದಲ್ಲ. ಅಜ್ಜಿಯ ಬಳಿ ಪೆಟ್ಟಿಗೆ ಇರಲಿಲ್ಲ, ಆದರೆ ಮನೆಯೇ ಆ ಕೆಲಸ ಮಾಡುತ್ತಿತ್ತು. 1890ರ ದಶಕದಲ್ಲಿ ರೂಪುಗೊಂಡ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಅಡುಗೆಮನೆಯಲ್ಲಿ ಸೌದೆ ಒಲೆ ಆರಿದ ಮೇಲೂ ಒಲೆಕಟ್ಟೆ ಬೆಳಗಿನವರೆಗೆ ಬೆಚ್ಚಗಿರುತ್ತಿತ್ತು. ಬಚ್ಚಲಲ್ಲಿ ಹಂಡೆ ಒಲೆಯ ಕೆಂಡ ಬೂದಿಯೊಳಗೆ ಉಸಿರಾಡುತ್ತಿತ್ತು. ಯಾವ ತಿಂಗಳಲ್ಲಿ ಹಿಟ್ಟಿನ ಪಾತ್ರೆಯನ್ನು ಒಲೆಗೆ ಎಷ್ಟು ಹತ್ತಿರ ಇಡಬೇಕೆಂದು ಕೈಗೆ ಗೊತ್ತಿತ್ತು. ಅದೂ ಉಷ್ಣತೆಯ ನಿಯಂತ್ರಣವೇ. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಗ್ಯಾಸ್ ಆರಿಸಿದ ಹತ್ತು ನಿಮಿಷಕ್ಕೆ ಒಲೆ ತಣ್ಣಗಾಗುತ್ತದೆ, ಗ್ರಾನೈಟ್ ಕಟ್ಟೆ ಪಾತ್ರೆಯ ತಳದಿಂದ ಬಿಸಿ ಹೀರಿಕೊಳ್ಳುತ್ತದೆ. ಕಂಬಳಿ ಸುತ್ತುತ್ತೇವೆ ಎನ್ನುತ್ತಾರೆ. ಕಂಬಳಿ ಬಿಸಿಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ ಅಷ್ಟೆ. 18 ಡಿಗ್ರಿಯ ಹಿಟ್ಟಿಗೆ ಸುತ್ತಿದ ಕಂಬಳಿ ಅದನ್ನು 18ರಲ್ಲೇ ಶ್ರದ್ಧೆಯಿಂದ ಕಾಪಾಡುತ್ತದೆ. ಮನುಷ್ಯರಿಗೆ ಅದು ಒಗ್ಗುವುದು ನಾವು ಒಳಗಿನಿಂದ ಬಿಸಿ ಹುಟ್ಟಿಸುವ ಪ್ರಾಣಿಗಳಾದ್ದರಿಂದ. ಇನ್ನು, ಹೋಟೆಲಿನ ದೋಸೆ ಜನವರಿಯಲ್ಲೂ ಕೆಡುವುದಿಲ್ಲವಲ್ಲ ಎಂಬ ಪ್ರಶ್ನೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆಯೋ ಮಲ್ಲೇಶ್ವರದ ಸಿಟಿಆರ್ ಮುಂದೆಯೋ ಸಾಲು ನಿಂತವರಿಗೆ ಅದು ಸಹಜವಾಗಿಯೇ ಬರುತ್ತದೆ. ಹೋಟೆಲಿನಲ್ಲಿ ರುಬ್ಬುವ ಹಿಟ್ಟು ಹತ್ತಾರು ಕಿಲೋ. ಪ್ರಮಾಣ ಹೆಚ್ಚಿದಷ್ಟೂ ತೂಕಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಬಿಸಿ ಸೋರುವುದೂ ನಿಧಾನ. ಜೊತೆಗೆ ದಿನವಿಡೀ ಉರಿಯುವ ಕಾವಲಿಗಳು ಅಡುಗೆಮನೆಯನ್ನೇ ಕಾಯಿಸಿಟ್ಟಿರುತ್ತವೆ. ಎರಡು ಮೂರು ಕಿಲೋ ಹಿಟ್ಟಿನ ಮನೆಗೆ ಈ ಎರಡು ಅನುಕೂಲವೂ ಇಲ್ಲ.

ಪರಿಹಾರದ ಉಪಾಯ ಬಂದಿರುವುದು ಇಡ್ಲಿಯವರಿಂದಲ್ಲ, ಮನೆಯಲ್ಲೇ ಬಿಯರ್ ತಯಾರಿಸುವ ಹೊರದೇಶದ ಹವ್ಯಾಸಿಗಳಿಂದ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ, ಆದ್ದರಿಂದ ಆ ಹವ್ಯಾಸವನ್ನು ಅಲ್ಲಿಗೇ ಬಿಡೋಣ. ಅವರ ಸಲಕರಣೆಗೆ ಮಾತ್ರ ಯಾವ ಪರವಾನಗಿಯೂ ಬೇಡ. ಅವರ ಕಷ್ಟ ನಮ್ಮದಕ್ಕೆ ಉಲ್ಟಾ. ಯೀಸ್ಟ್ ಕೆಲಸ ಮಾಡುವಾಗ ತಾನೇ ಸಾಕಷ್ಟು ಬಿಸಿ ಹುಟ್ಟಿಸುತ್ತದೆ. ಏಲ್ ಜಾತಿಯ ಬಿಯರಿಗೆ 18–22 ಡಿಗ್ರಿ ಬೇಕು, ಲಾಗರ್‌ಗೆ ಇನ್ನೂ ತಣ್ಣಗಿರಬೇಕು. ಹಾಗಾಗಿ ಅವರು ಹಳೆಯ ಫ್ರಿಜ್ಜಿಗೆ ಎಸ್‌ಟಿಸಿ–1000 ಎಂಬ ಅಗ್ಗದ ನಿಯಂತ್ರಕವನ್ನು ಸಿಕ್ಕಿಸುತ್ತಾರೆ. ಅದರಲ್ಲಿ ಎರಡು ರಿಲೇ ಇರುತ್ತವೆ, ಒಂದು ತಂಪಿಗೆ, ಒಂದು ಬಿಸಿಗೆ. ಅದು ನಡೆಯುವುದು ನೇರ ಗೋಡೆಯ 230 ವೋಲ್ಟಿನಲ್ಲಿ. ನಮಗೆ ತಂಪಿನ ಭಾಗವೇ ಬೇಡ, ಬೇಕಾದದ್ದು 10–12 ಡಿಗ್ರಿಯ ಏರಿಕೆ ಮಾತ್ರ. ಆದ್ದರಿಂದ 12 ವೋಲ್ಟಿನಲ್ಲಿ ನಡೆಯುವ, ಬೆರಳುದ್ದದ ಡಬ್ಲ್ಯು1209 ಬೋರ್ಡ್ ಸಾಕು. ಅದರ ವೈರಿನ ತುದಿಯಲ್ಲಿ ಒಂದು ಪುಟ್ಟ ಲೋಹದ ಸೆನ್ಸರ್, ಬೋರ್ಡಿನ ಮೇಲೆ ಒಂದು ರಿಲೇ, ಮೂರು ಅಂಕಿಯ ಕೆಂಪು ಡಿಸ್‌ಪ್ಲೇ. ಉಷ್ಣತೆ ಇಳಿದರೆ ಹೀಟರ್ ಹಚ್ಚುತ್ತದೆ, ಗುರಿ ಮುಟ್ಟಿದರೆ ಆರಿಸುತ್ತದೆ. ಇಷ್ಟೇ ಇದರ ಬುದ್ಧಿ, ಇದಕ್ಕಿಂತ ಹೆಚ್ಚಿನದು ಹಿಟ್ಟಿಗೆ ಬೇಕಾಗಿಲ್ಲ.

ಪೆಟ್ಟಿಗೆಗೆ ಥರ್ಮೋಕೋಲೇ ಸರಿ. ಹೊರಗಿನ ಅಳತೆ 45–35–35 ಸೆಂಟಿಮೀಟರ್, ಗೋಡೆಯ ದಪ್ಪ 2.5 ಸೆಂಟಿಮೀಟರ್ ಇರುವ ಮುಚ್ಚಳದ ಪೆಟ್ಟಿಗೆಯಲ್ಲಿ ಐದು ಲೀಟರಿನ ಪಾತ್ರೆ ಸಲೀಸಾಗಿ ಕೂರುತ್ತದೆ. ಔಷಧಿ ಅಂಗಡಿಗಳಿಗೆ ತಂಪಿನ ಸರಕು ಬರುವುದು ಇಂಥ ಪೆಟ್ಟಿಗೆಗಳಲ್ಲೇ, ಕೇಳಿದರೆ ಸಿಗುವುದುಂಟು. ಎಷ್ಟು ವ್ಯಾಟಿನ ಹೀಟರ್ ಬೇಕೆಂಬುದನ್ನು ಅಂದಾಜಿಗೆ ಬಿಡಬಾರದು, ಲೆಕ್ಕ ಸುಲಭವಾಗಿಯೇ ಇದೆ. ಈ ಪೆಟ್ಟಿಗೆಯ ಒಟ್ಟು ಹೊರಮೈ ಸುಮಾರು 0.88 ಚದರ ಮೀಟರ್. ಥರ್ಮೋಕೋಲಿನ ಶಾಖವಾಹಕತೆ ಮತ್ತು ಗೋಡೆಯ ದಪ್ಪ ಸೇರಿಸಿ ನೋಡಿದರೆ, ಒಳಗಿಗೂ ಹೊರಗಿಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.2 ವ್ಯಾಟ್ ಸೋರುತ್ತದೆ. ಹೊರಗೆ 18, ಒಳಗೆ 30 ಎಂದರೆ ಸೋರಿಕೆ 15 ವ್ಯಾಟಿಗಿಂತ ಕಡಿಮೆ. ಒಂದು ಊರಿಗೆ ಊರೇ ಪರದಾಡುವ ಸಮಸ್ಯೆ ಹಳೆಯ ಕಾಲದ ‘ಜೀರೋ ಬಲ್ಬ್’ ಒಂದರ ಶಾಖದಷ್ಟು ಸಣ್ಣದು ಎನ್ನುವುದು ತಮಾಷೆಯೇ. ಹಿಟ್ಟನ್ನು ಮೇಲೆತ್ತಲೂ ಸ್ವಲ್ಪ ಬೇಕಲ್ಲ, ಅದನ್ನೂ ಸೇರಿಸಿ 29 ವ್ಯಾಟ್ ಇಟ್ಟುಕೊಳ್ಳೋಣ.

29 ಎಂಬ ಈ ಅಂಕಿ ಬಂದದ್ದು ಹಿಟ್ಟನ್ನಷ್ಟೇ ನೋಡಿ ಅಲ್ಲ, ಅನಾಹುತವನ್ನೂ ನೋಡಿ. ಮನೆಯಲ್ಲಿ ವಿದ್ಯುತ್ತಿನ ಸಾಮಾನು ಮಾಡುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಕೆಲಸ ಮಾಡುತ್ತದೆಯೇ’ ಎನ್ನುವುದಕ್ಕಿಂತ ‘ಇದು ಕೆಟ್ಟಾಗ ಏನು ಮಾಡುತ್ತದೆ’ ಎನ್ನುವುದು. ಅಗ್ಗದ ರಿಲೇ ಕೆಡುವಾಗ ಅದರ ಒಳಗಿನ ತುದಿಗಳು ಅಂಟಿಕೊಂಡು ಹೀಟರ್ ರಾತ್ರಿಯಿಡೀ ಉರಿಯುವ ಸಂಭವವಿದೆ. ಆಗ 29 ವ್ಯಾಟಿನ ಹೀಟರ್ ಪೆಟ್ಟಿಗೆಯ ಗಾಳಿಯನ್ನು ಹೊರಗಿಗಿಂತ ಸುಮಾರು 24 ಡಿಗ್ರಿ ಮೇಲಕ್ಕೆ ಒಯ್ದು, ಸೋರಿಕೆ ಸಮನಾದಾಗ ಅಲ್ಲೇ ನಿಲ್ಲುತ್ತದೆ: 18ರ ಕೋಣೆಯಲ್ಲಿ 42, 28ರ ಕೋಣೆಯಲ್ಲಿ 52. ಹಿಟ್ಟು ಹಾಳಾಗಬಹುದು, ಮನೆ ಹಾಳಾಗುವುದಿಲ್ಲ. 100 ವ್ಯಾಟಿನ ಬಲ್ಬ್ ಹಾಕಿದ್ದರೆ ಅದೇ ಲೆಕ್ಕ ನೂರು ಡಿಗ್ರಿಯತ್ತ ಓಡುತ್ತದೆ, ಥರ್ಮೋಕೋಲು ಅದಕ್ಕೆ ಮೊದಲೇ ಮೆತ್ತಗಾಗಿ ಕರಗುತ್ತದೆ. ಬಲ್ಬಿನ ಮೇಲೆ ನನಗಿರುವ ಇನ್ನೊಂದು ತಕರಾರು, 40 ವ್ಯಾಟಿನದಾದರೂ ಅದರ ಗಾಜು ನೂರು ಡಿಗ್ರಿಗಿಂತ ಹೆಚ್ಚು ಕಾಯುತ್ತದೆ, ಉಕ್ಕಿದ ಹಿಟ್ಟು ಅದರ ಮೇಲೆ ಬಿದ್ದರೆ ಸೀಳುತ್ತದೆ, ಮತ್ತು ಒದ್ದೆ ಪೆಟ್ಟಿಗೆಯೊಳಗೆ 230 ವೋಲ್ಟ್ ಇಟ್ಟಂತಾಗುತ್ತದೆ. ಬಲ್ಬ್ ಹೋಲ್ಡರ್ ಸುಲಭ ನಿಜ, ಆದರೂ ಬೇಡ.

ಅದರ ಬದಲು 12 ವೋಲ್ಟಿನ ಹೀಟರನ್ನು ರೆಸಿಸ್ಟರಿನಿಂದಲೇ ಮಾಡಿಕೊಳ್ಳಬಹುದು. ಚಾಮರಾಜಪೇಟೆಗೆ ದೂರವಲ್ಲದ ಎಸ್.ಪಿ. ರಸ್ತೆಗೆ, ಎಂದರೆ ಸಾದರ ಪತ್ರಪ್ಪ ರಸ್ತೆಗೆ, ಹೋಗಿ ಚಿನ್ನದ ಬಣ್ಣದ ಅಲ್ಯೂಮಿನಿಯಂ ಕವಚದ 10 ಓಮ್, 25 ವ್ಯಾಟ್ ರೆಸಿಸ್ಟರ್ ಎರಡು ಕೇಳಿ. 12 ವೋಲ್ಟಿಗೆ ಒಂದೊಂದೂ 14.4 ವ್ಯಾಟ್ ಬಿಸಿ ಕೊಡುತ್ತದೆ, ಎರಡನ್ನು ಸಮಾಂತರವಾಗಿ ಜೋಡಿಸಿದರೆ 28.8. ಅಲ್ಲೇ ಡಬ್ಲ್ಯು1209 ಬೋರ್ಡ್, 12 ವೋಲ್ಟ್ 5 ಆಂಪಿಯರಿನ ಅಡಾಪ್ಟರ್, ಅದರ ಪಿನ್ನು ಸೇರುವ ಸ್ಕ್ರೂ ಕನೆಕ್ಟರ್, ಕಂಪ್ಯೂಟರಿನ 80 ಮಿಲಿಮೀಟರ್ ಫ್ಯಾನ್, ಸುಮಾರು 70 ಡಿಗ್ರಿಗೆ ಕಡಿಯುವ ಥರ್ಮಲ್ ಫ್ಯೂಸ್ ಕೂಡ ಸಿಗುತ್ತವೆ. ಎಲ್ಲದರಲ್ಲೂ ಅಗ್ಗದ್ದನ್ನೇ ತಂದರೂ ಅಡಾಪ್ಟರಿನಲ್ಲಿ ಮಾತ್ರ ಜಿಪುಣತನ ಬೇಡ. ಗೋಡೆಯ ಕರೆಂಟಿಗೂ ನಿಮ್ಮ ಕೈಗೂ ನಡುವೆ ಇರುವುದು ಅದೊಂದೇ, ಬಿಐಎಸ್ ನೋಂದಣಿ ಗುರುತು ಇರುವುದನ್ನೇ ತನ್ನಿ. ರೆಸಿಸ್ಟರುಗಳನ್ನು 15–20 ಸೆಂಟಿಮೀಟರಿನ ಅಲ್ಯೂಮಿನಿಯಂ ತಗಡಿಗೆ ಸ್ಕ್ರೂ ಹಾಕಿ ಬಿಗಿದು, ತಗಡನ್ನು ಪೆಟ್ಟಿಗೆಯ ಒಂದು ಗೋಡೆಯಿಂದ ಎರಡು ಬೆರಳು ದೂರ ನಿಲ್ಲುವಂತೆ ಉದ್ದ ಸ್ಕ್ರೂಗಳ ಮೇಲೆ ಕೂರಿಸಿ, ಫ್ಯಾನಿನ ಗಾಳಿ ಅದರ ಮೇಲೆ ಹಾಯುವಂತೆ ಮಾಡಬೇಕು. ಜೋಡಣೆ ಹೀಗೆ: ಅಡಾಪ್ಟರಿನ ಪ್ಲಸ್ ಮತ್ತು ಮೈನಸ್ ಬೋರ್ಡಿನ +12 ಮತ್ತು ಗ್ರೌಂಡ್‌ಗೆ. ಫ್ಯಾನು ನೇರ ಅಡಾಪ್ಟರಿಗೆ, ಅದು ಸದಾ ತಿರುಗುತ್ತಿರಲಿ. ಪ್ಲಸ್‌ನಿಂದ ಇನ್ನೊಂದು ವೈರು ಥರ್ಮಲ್ ಫ್ಯೂಸ್ ಮೂಲಕ ಬೋರ್ಡಿನ ಕೆ0ಗೆ, ಕೆ1ರಿಂದ ಹೊರಟದ್ದು ರೆಸಿಸ್ಟರುಗಳಿಗೆ, ಅಲ್ಲಿಂದ ಮೈನಸ್‌ಗೆ. ಫ್ಯೂಸು ಅಲ್ಯೂಮಿನಿಯಂ ತಗಡಿಗೆ ತಾಗಿಕೊಂಡಿರಲಿ, ಆದರೆ ಅದರ ಬರಿಯ ತಂತಿಗಳು ತಗಡನ್ನು ಮುಟ್ಟದಂತೆ ಸ್ಲೀವ್ ಹಾಕಿ. ಅದನ್ನು ಬೆಸುಗೆ ಹಾಕಬೇಡಿ, ಬೆಸುಗೆಯ ಬಿಸಿಗೇ ಅದು ಕಡಿದುಹೋಗುತ್ತದೆ. ಸ್ಕ್ರೂ ಕನೆಕ್ಟರಿನಲ್ಲೇ ಬಿಗಿಯಿರಿ. ಬೋರ್ಡೂ ಅಡಾಪ್ಟರೂ ಪೆಟ್ಟಿಗೆಯ ಹೊರಗಿರಬೇಕು, ಒಳಗೆ ಹೋಗುವುದು ಹೀಟರ್, ಫ್ಯಾನು, ಸೆನ್ಸರ್ ಮಾತ್ರ.

ಬೋರ್ಡಿನ ಸೆಟ್ ಗುಂಡಿಯನ್ನು ಒಮ್ಮೆ ಒತ್ತಿದರೆ ಗುರಿಯ ಉಷ್ಣತೆ ಬದಲಿಸಬಹುದು: 29. ಐದು ಸೆಕೆಂಡು ಒತ್ತಿ ಹಿಡಿದರೆ ಒಳಗಿನ ಮೆನು ತೆರೆಯುತ್ತದೆ. ಪಿ0 ಎನ್ನುವುದು ‘ಎಚ್’ ಆಗಿರಬೇಕು, ಎಂದರೆ ಬಿಸಿಮಾಡುವ ಕೆಲಸ. ಪಿ1 ಎಷ್ಟು ಇಳಿದಾಗ ಮತ್ತೆ ಹಚ್ಚಬೇಕೆಂಬ ಅಂತರ. ಕಾರ್ಖಾನೆಯಿಂದ 2 ಎಂದು ಬಂದಿರುತ್ತದೆ, ಅದನ್ನು 1ಕ್ಕೆ ಇಳಿಸಿದರೆ ಸಾಕು. 0.1ಕ್ಕೆ ಇಟ್ಟು ನಿಖರತೆಯ ಖುಷಿ ಪಡುವವರು ರಿಲೇಯ ಆಯುಸ್ಸನ್ನು ಸುಮ್ಮನೆ ತಿನ್ನುತ್ತಾರೆ, ಬ್ಯಾಕ್ಟೀರಿಯಾಗಳಿಗೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ. ಪಿ4 ಸೆನ್ಸರಿನ ತಪ್ಪನ್ನು ತಿದ್ದುವ ಜಾಗ. ಈ ಅಗ್ಗದ ಸೆನ್ಸರುಗಳು ಒಂದು ಡಿಗ್ರಿ ಹೆಚ್ಚುಕಡಿಮೆ ತೋರುವುದು ಮಾಮೂಲು. ಕುದಿಯುವ ನೀರು 100 ಡಿಗ್ರಿ ಎಂಬ ಶಾಲೆಯ ಪಾಠವನ್ನು ನಂಬಿ ತಿದ್ದಲು ಹೋದರೆ ಕೆಡುತ್ತದೆ, ಯಾಕೆಂದರೆ ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 97ಕ್ಕೆ. ಅದಕ್ಕಿಂತ ಒಳ್ಳೆಯ ಅಳತೆಗೋಲು ಮನೆಯ ಔಷಧಿ ಡಬ್ಬಿಯಲ್ಲೇ ಇದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಸೆನ್ಸರನ್ನೂ ಒಟ್ಟಿಗೆ 37–38 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿ ಹಿಡಿದು, ಇವೆರಡರ ವ್ಯತ್ಯಾಸವನ್ನು ಪಿ4ರಲ್ಲಿ ತುಂಬಿ. ನಮ್ಮ ಕೆಲಸದ ಉಷ್ಣತೆಗೆ ಅದು ಹತ್ತಿರವೂ ಹೌದು.

ಸೆನ್ಸರನ್ನು ಎಲ್ಲಿಡಬೇಕೆನ್ನುವುದರಲ್ಲಿ ಇಡೀ ಪೆಟ್ಟಿಗೆಯ ಯಶಸ್ಸು ನಿಂತಿದೆ. ಹೆಚ್ಚಿನವರು ಅದನ್ನು ಗಾಳಿಯಲ್ಲಿ ತೂಗುಬಿಡುತ್ತಾರೆ. ಆಗ ಏನಾಗುತ್ತದೆಂದರೆ, ಗಾಳಿ ಬೇಗನೆ 29 ಮುಟ್ಟಿ ಹೀಟರ್ ಆರುತ್ತದೆ, ಹಿಟ್ಟು ಇನ್ನೂ 19ರಲ್ಲೇ ಇರುತ್ತದೆ. ಡಿಸ್‌ಪ್ಲೇ ನೋಡಿದ ನಿಮಗೆ ಸಮಾಧಾನ, ಹಿಟ್ಟಿಗೆ ಚಳಿ. ಮೂರು ಕಿಲೋ ಹಿಟ್ಟು ತನ್ನ ಸುತ್ತಲ ನಿಶ್ಚಿತ ಉಷ್ಣತೆಯ ಗಾಳಿಯ ಜೊತೆಗಿನ ಅಂತರದ ಮೂರನೇ ಎರಡು ಭಾಗವನ್ನು ಮುಚ್ಚಲು ಎರಡು ಗಂಟೆಗೂ ಹೆಚ್ಚು ತೆಗೆದುಕೊಳ್ಳುತ್ತದೆ, ಕೊನೆಯ ಒಂದೆರಡು ಡಿಗ್ರಿ ಇನ್ನೂ ನಿಧಾನ. ಬಿಯರ್ ಮಾಡುವವರು ಕಲಿತುಕೊಂಡ ಪಾಠವೇ ಇಲ್ಲಿಗೂ ಸಲ್ಲುತ್ತದೆ: ಸೆನ್ಸರನ್ನು ಪಾತ್ರೆಯ ಹೊರಮೈಗೆ, ಹಿಟ್ಟಿನ ಮಟ್ಟಕ್ಕಿಂತ ಕೆಳಗೆ, ಟೇಪ್ ಹಾಕಿ ಅಂಟಿಸಿ, ಮೇಲೆ ಬೆರಳು ದಪ್ಪದ ಸ್ಪಂಜಿನ ತುಂಡು ಕಟ್ಟಿ. ಸ್ಪಂಜು ಇಲ್ಲದಿದ್ದರೆ ಅದು ಅರ್ಧ ಗಾಳಿಯನ್ನೇ ಅಳೆಯುತ್ತದೆ. ಈಗ ಹೀಟರ್ ಪಾತ್ರೆ ಬೆಚ್ಚಗಾಗುವವರೆಗೂ ಉರಿಯುತ್ತದೆ; ಗಾಳಿ 35ರ ಸುತ್ತ ಹೋಗಬಹುದು, ಅದಕ್ಕಿಂತ ಹೆಚ್ಚು ಹೋಗಲು ಅದರಲ್ಲಿ ಕಸುವಿಲ್ಲ. 18ರಿಂದ 28ಕ್ಕೆ ಹಿಟ್ಟು ಏರಲು ಎರಡೂವರೆ–ಮೂರು ಗಂಟೆ ಹಿಡಿಯುತ್ತದೆ. ಅದನ್ನೂ ಉಳಿಸಬೇಕೆಂದರೆ ಚಳಿಗಾಲದಲ್ಲಿ ರುಬ್ಬುವಾಗ ಹಾಕುವ ನೀರು ಉಗುರುಬೆಚ್ಚಗಿರಲಿ. ಮಿಕ್ಸಿ ಬಿಸಿಯಾಗುತ್ತದೆಂದು ಐಸ್ ನೀರು ಹಾಕುವ ಅಭ್ಯಾಸ ಬೇಸಿಗೆಗೆ ಸರಿ, ಜನವರಿಗಲ್ಲ.

ಹಿಟ್ಟು ಪಾತ್ರೆಯ ಅರ್ಧಕ್ಕಿಂತ ಮೇಲಿರಬಾರದು, ಪಾತ್ರೆಯ ಕೆಳಗೆ ಅಂಚಿರುವ ತಟ್ಟೆ ಇರಬೇಕು. ಅದೇ ಹಿಟ್ಟಿನ ಸ್ವಲ್ಪ ಭಾಗವನ್ನು ಒಂದು ಗಾಜಿನ ಲೋಟಕ್ಕೆ ಹಾಕಿ, ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಪಕ್ಕದಲ್ಲಿಟ್ಟರೆ ಸ್ಟೀಲ್ ಪಾತ್ರೆಯ ಮುಚ್ಚಳ ತೆಗೆದು ಇಣುಕುವ ಕೆಲಸ ತಪ್ಪುತ್ತದೆ. ಲೋಟದಲ್ಲಿ ಹಿಟ್ಟು ಎರಡು ಪಟ್ಟಿನ ಹತ್ತಿರ ಬಂದರೆ ಇಡ್ಲಿಗೆ ಸಿದ್ಧ. ಮೊದಲ ಸಲ ಆರು ಗಂಟೆಯ ನಂತರ ನೋಡಲು ಶುರುಮಾಡಿ, ಎಷ್ಟು ಹೊತ್ತಿಗೆ ಎದ್ದಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಉಷ್ಣತೆ ಗಟ್ಟಿಯಾದ ಮೇಲೆ ಆ ಗಂಟೆಯ ಲೆಕ್ಕಕ್ಕೆ ಅರ್ಥ ಬರುತ್ತದೆ, ಮತ್ತು ಮುಂದಿನ ಸಲ ಎಂಟಕ್ಕೆ ಬದಲು ಒಂಬತ್ತಕ್ಕೆ ರುಬ್ಬಬಹುದೇ ಎಂದು ಧೈರ್ಯವಾಗಿ ಯೋಚಿಸಬಹುದು. ಉದ್ದು ಬದಲಾಯಿಸಿದರೆ, ಅಕ್ಕಿಯ ಬದಲು ಇಡ್ಲಿ ರವೆ ಹಾಕಿದರೆ ಆಗುವ ವ್ಯತ್ಯಾಸವೂ ಈಗಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಅದೆಲ್ಲ ಹವೆಯೊಳಗೆ ಕಲಸಿಹೋಗಿತ್ತು.

ಇಷ್ಟೆಲ್ಲ ಯಾಕೆ, ಚಿಟಿಕೆ ಸೋಡಾ ಹಾಕಿದರಾಯಿತಲ್ಲ ಎನ್ನುವವರಿಗೆ ಉತ್ತರ ಹೇಳಲೇಬೇಕು. ಸೋಡಾ ಅನಿಲ ಕೊಡುತ್ತದೆ, ಇಡ್ಲಿ ಉಬ್ಬುತ್ತದೆ, ಅದು ಸುಳ್ಳಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಿದ್ದಾಗ ಎಂಟಿಆರ್‌ನವರು ರೂಪಿಸಿದ್ದೆಂದು ಹೇಳಿಕೊಳ್ಳುವ ರವೆ ಇಡ್ಲಿ ನಿಂತಿರುವುದೇ ಹುದುಗಿಸದೆ ಉಬ್ಬಿಸುವ ಆ ಉಪಾಯದ ಮೇಲೆ, ಮತ್ತು ಅದು ರುಚಿಯಾದ ತಿಂಡಿಯೇ. ಆದರೆ ಅಲ್ಲಿ ಹುಳಿ ಬರುವುದು ಮೊಸರಿನಿಂದ, ರುಚಿ ಬರುವುದು ಒಗ್ಗರಣೆಯಿಂದ. ಅಕ್ಕಿ–ಉದ್ದಿನ ಹಿಟ್ಟಿನಲ್ಲಿ ಅವೆರಡೂ ಹುಟ್ಟಬೇಕಾದದ್ದು ರಾತ್ರಿಯ ಕೆಲಸದಿಂದ, ಅದನ್ನು ಸೋಡಾ ಬೆಳಿಗ್ಗೆ ಬಂದು ತುಂಬಿಕೊಡಲಾರದು. ಹೆಚ್ಚಾದರೆ ಸಾಬೂನಿನ ವಾಸನೆ ಬೇರೆ. ಸಂಪ್ರದಾಯ ಕೆಟ್ಟಿತು ಎನ್ನುವವರಿಗೆ ಇನ್ನೊಂದು ಮಾತು. ‘ವಡ್ಡಾರಾಧನೆ’ಯಲ್ಲಿ ಬರುವ ಇಡ್ಡಲಿಗೆಯಲ್ಲಾಗಲಿ, ಎರಡನೇ ಚಾವುಂಡರಾಯನ ‘ಲೋಕೋಪಕಾರ’ ಹೇಳುವ ತಯಾರಿಕೆಯಲ್ಲಾಗಲಿ ಅಕ್ಕಿಯೂ ಇಲ್ಲ, ರಾತ್ರಿಯಿಡೀ ಹುದುಗಿಸುವ ಕ್ರಮವೂ ಕಾಣುವುದಿಲ್ಲ ಎಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ತೋರಿಸಿದ್ದಾರೆ. ಇಡ್ಲಿ ಸಾವಿರ ವರ್ಷದಿಂದ ಬದಲಾಗುತ್ತಲೇ ಬಂದಿದೆ, ಒಂದು ಥರ್ಮೋಕೋಲ್ ಪೆಟ್ಟಿಗೆಗೆ ಅದು ಬೆದರುವುದಿಲ್ಲ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುತ್ತದಲ್ಲ ಎನ್ನುವ ವಾದ ಇದಕ್ಕಿಂತ ಗಟ್ಟಿ. 2005ರಲ್ಲಿ ಇದೇ ಬೆಂಗಳೂರಿನಲ್ಲಿ ಐಡಿ ಫ್ರೆಶ್ ಶುರುವಾದ ಮೇಲೆ ರುಬ್ಬುವುದನ್ನೇ ಬಿಟ್ಟ ಮನೆಗಳು ಅನೇಕ, ಅವರಿಗೆ ಈ ಪೆಟ್ಟಿಗೆ ಬೇಕಿಲ್ಲ. ಹಾಗೆಯೇ ಚಳಿಗಾಲವೆಲ್ಲ ಸೇರಿ ಎರಡು ಮೂರು ಸಲ ಇಡ್ಲಿ ಮಾಡುವವರು 35 ಡಿಗ್ರಿ ಮೀರದ ಬೆಚ್ಚನೆ ನೀರನ್ನು ದೊಡ್ಡ ಪಾತ್ರೆಗೆ ಹಾಕಿ, ಅದರಲ್ಲಿ ಹಿಟ್ಟಿನ ಪಾತ್ರೆ ಇಟ್ಟು, ಇಡಿಯಾಗಿ ಕಂಬಳಿ ಹೊದಿಸಿದರೆ ಸಾಕು. ಮಲಗುವ ಮುಂಚೆ ಒಮ್ಮೆ ನೀರು ಬದಲಿಸಿದರೆ ಇನ್ನೂ ಒಳ್ಳೆಯದು. ಪೆಟ್ಟಿಗೆ ಬೇಕಾಗಿರುವುದು ವಾರವಾರವೂ ರುಬ್ಬುವವರಿಗೆ, ತಮ್ಮ ಹುಳಿಯನ್ನು ತಾವೇ ನಿರ್ಧರಿಸಬೇಕೆನ್ನುವವರಿಗೆ.

ಕರೆಂಟಿನ ಖರ್ಚು ಚಿಂತಿಸುವಷ್ಟಿಲ್ಲ. ಸರಾಸರಿ 20 ವ್ಯಾಟ್ ಎಂದುಕೊಂಡರೂ ಹತ್ತು ಗಂಟೆಗೆ 0.2 ಯೂನಿಟ್, ಒಂದು ರೂಪಾಯಿಯ ಆಸುಪಾಸು. ಕರೆಂಟ್ ಹೋದರೂ ಗಾಬರಿ ಬೇಡ. ಬೋರ್ಡು ತನ್ನ ಗುರಿಯನ್ನು ನೆನಪಿಟ್ಟುಕೊಂಡಿರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಗಂಟೆಗೆ ಹಿಟ್ಟು ಎರಡು ಮೂರು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ. ಇದೇ ಪೆಟ್ಟಿಗೆ ಮೊಸರಿಗೂ ಆಗುತ್ತದೆ ಎನ್ನುವುದು ಇದರ ಪರವಾಗಿ ನಾನು ಹೇಳುವ ದೊಡ್ಡ ಮಾತು. ಹೆಪ್ಪಿನ ಬ್ಯಾಕ್ಟೀರಿಯಾಗಳಿಗೆ 40 ಡಿಗ್ರಿ ಹಿತ. ಮಾಗಿಯಲ್ಲಿ ಹಾಲು ಹೆಪ್ಪಾಗದೆ ನೀರುನೀರಾಗಿ ಉಳಿಯುವುದು ಅದು ಸಿಗದ ಕಾರಣಕ್ಕೆ. 42ರ ಸುಮಾರಿಗೆ ಆರಿಸಿದ ಹಾಲಿಗೆ ಹೆಪ್ಪು ಹಾಕಿ, ಗುರಿಯನ್ನು 40ಕ್ಕೆ ಇಟ್ಟು, ಪೆಟ್ಟಿಗೆಗೆ ಸೇರಿಸಿದರೆ ಆ 29 ವ್ಯಾಟ್ ಬಹುಪಾಲು ಎಡೆಬಿಡದೆ ಉರಿದು ಅದನ್ನು ಹಿಡಿದಿಡುತ್ತದೆ. ಹಿಟ್ಟೂ ಮೊಸರೂ ಒಂದೇ ರಾತ್ರಿ ಒಂದೇ ಪೆಟ್ಟಿಗೆಯಲ್ಲಿ ಆಗಲೆಂದು ಮಾತ್ರ ಆಸೆಪಡಬೇಡಿ. ಮೊಸರಿನ ಉಷ್ಣತೆ ಹಿಟ್ಟನ್ನು ಹುಳಿಗೆ ತಳ್ಳುತ್ತದೆ, ಹಿಟ್ಟಿನ ಉಷ್ಣತೆಯಲ್ಲಿ ಮೊಸರು ಹೆಪ್ಪಾಗುವುದು ನಿಧಾನ.

ಬೇಸಿಗೆಯ ಪ್ರಶ್ನೆ ಬೇರೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಕಂಡಿತು, ಅಂಥ ವಾರಗಳಲ್ಲಿ ಹಿಟ್ಟು ಅಪರಾತ್ರಿಗೇ ಉಕ್ಕಿ ಕಟ್ಟೆಯ ಮೇಲೆ ಹರಿಯುತ್ತದೆ. ಪಿ0ವನ್ನು ‘ಸಿ’ಗೆ ತಿರುಗಿಸಿ, ಹೀಟರಿನ ಜಾಗಕ್ಕೆ ಫ್ಯಾನಿನ ವೈರು ಸೇರಿಸಿ, ಅದರ ಎದುರಿಗೆ ಬಟ್ಟೆ ಸುತ್ತಿದ ಅರ್ಧ ಲೀಟರಿನ ಐಸ್ ಬಾಟಲಿ ಇಟ್ಟರೆ ಅದೇ ಪೆಟ್ಟಿಗೆ ತಂಪು ಪೆಟ್ಟಿಗೆಯೂ ಆಗುತ್ತದೆ. ಕೋಣೆ 33 ಇದ್ದಾಗ ಒಳಗೆ 30 ಉಳಿಸಲು ಆ ಒಂದು ಬಾಟಲಿ ರಾತ್ರಿಯಿಡೀ ಸಾಲುತ್ತದೆ. ಆದರೂ ಇಷ್ಟು ಕಟ್ಟುವ ಅಗತ್ಯ ಇದೆಯೆಂದು ನನಗನ್ನಿಸುವುದಿಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ರುಬ್ಬಿ, ಲೋಟದ ರಬ್ಬರ್ ಬ್ಯಾಂಡ್ ನೋಡಿಕೊಂಡು, ಮಲಗುವ ಮುಂಚೆ ಎದ್ದ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸಿದರೆ ಕೆಲಸ ಮುಗಿಯಿತು. ಬೇಸಿಗೆಯ ತಿಂಗಳುಗಳಲ್ಲಿ ಪೆಟ್ಟಿಗೆ ಅಟ್ಟದ ಮೇಲಿರಲಿ, ಸೆನ್ಸರಿನ ವೈರನ್ನು ಮಾತ್ರ ಇಲಿಗೆ ಸಿಗದಂತೆ ಸುತ್ತಿಡಿ.